ಖಾಲಾನ ಮೈದಾ ಲಕಡಿ ಗಿಡ

ಈ ಪ್ಲಾಸ್ಟರಿಗೆ ವಾಸನೆಯೇ ಇಲ್ಲ. ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡು ಹದಿನೈದು ದಿನವಾಯಿತು. ಇಲ್ಲೇ ಕಲಬುರಗಿಯ ಜೇವರ್ಗಿ ಕಾಲೋನಿಯ ಡಾಕ್ಟರು ಎಲುಬಿನ ಫೋಟೋ ತೆಗೆಸಿ, ಹಸಿ ಪಟ್ಟಿ ಸುತ್ತಿ, ಅದು ಗೋಡೆಯ ಹಾಗೆ ಗಟ್ಟಿಯಾದ ಮೇಲೆ ಮನೆಗೆ ಕಳಿಸಿದರು. ಒಳ್ಳೆಯ ಮನುಷ್ಯ, ಕೆಲಸವೂ ಚಂದ. ಆದರೆ ಕೈಯನ್ನು ಮೂಗಿನ ಹತ್ತಿರ ಹಿಡಿದರೆ ಸುಣ್ಣ ಬಳಿದ ಗೋಡೆ ಮೂಸಿದಂತಾಗುತ್ತದೆ. ಮುರಿದ ಕೈಗೆ ಒಂದು ವಾಸನೆ ಇರಬೇಕು. ನೀವು ನಗಬಹುದು. ನಮ್ಮ ಸೊಸೆಯೂ ನಗುತ್ತಾಳೆ. ಅತ್ತೆಗೆ ಬಿದ್ದಾಗ ತಲೆಗೂ ಸ್ವಲ್ಪ ತಾಗಿದೆ ಅಂತ ಅವಳ ಲೆಕ್ಕ.

ನನ್ನ ಮೈಯಲ್ಲಿ ಮುರಿದ ಎಲುಬು ಇದೊಂದೇ ಅಲ್ಲ. ಮಹಾಗಾಂವದಿಂದ ಕಮಲಾಪುರಕ್ಕೆ ಸೊಸೆಯಾಗಿ ಬಂದ ವರ್ಷ ಬಾವಿಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡಿದ್ದೆ. ಆಗ ಡಾಕ್ಟರೂ ಇರಲಿಲ್ಲ, ಫೋಟೋನೂ ಇರಲಿಲ್ಲ. ನಮ್ಮ ಓಣಿಯಲ್ಲಿ ಖಾಲಾ ಇದ್ದಳು. ಅವಳ ಹೆಸರು ಹುಸೇನಬಿ. ಹಿಂದೂ ಮುಸಲ್ಮಾನ ಎನ್ನದೆ ಓಣಿಗೆ ಓಣಿಯೇ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದುದರಿಂದ ಆ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಗಂಡ ತೀರಿಹೋಗಿದ್ದ. ಇಬ್ಬರು ಹೆಣ್ಣುಮಕ್ಕಳು, ಎರಡು ಆಡು, ಮತ್ತೆ ಎಲುಬು ಕೂಡಿಸುವ ಕೈ. ಆಕೆಯ ಆಸ್ತಿ ಇಷ್ಟೇ.

ಎಲುಬು ನೋಡುವಾಗ ಖಾಲಾ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಜೋಳದ ಮೊರದಲ್ಲಿ ಹರಳು ಹುಡುಕುವ ಹಾಗೆ ಬೆರಳುಗಳು ಮೆಲ್ಲಗೆ ಕೈಯ ಮೇಲೆ ನಡೆಯುತ್ತಿದ್ದವು. ನೋವಿನ ಜಾಗ ಸಿಕ್ಕೊಡನೆ ಬಾಯಿ ಮಾತ್ರ ಬೇರೆ ಕಡೆ ಹೋಗುತ್ತಿತ್ತು: ನಿಮ್ಮವ್ವ ಏನು ಅಡಿಗೆ ಕಲಿಸ್ಯಾಳ, ನಿಮ್ಮ ಅತ್ತಿ ಹಾಲಿಗೆ ನೀರು ಹಾಕ್ತಾಳಂತಲ್ಲ ಖರೇ ಏನು, ಅಂತ. ಉತ್ತರ ಕೊಡಲು ನಾನು ಬಾಯಿ ತೆರೆಯುವುದಕ್ಕೂ ಆಕೆ ಎಲುಬು ಎಳೆದು ಕೂಡಿಸುವುದಕ್ಕೂ ಸರಿಹೋಗಿತ್ತು. ನಾನು ಓಣಿ ಕೇಳುವ ಹಾಗೆ ಚೀರಿದೆ. ಅತ್ತೆ ಹಾಲಿನ ವಿಷಯ ಕೇಳಿಸಿಕೊಂಡು ಒಂದು ವಾರ ಮುಖ ಊದಿಸಿಕೊಂಡಿದ್ದಳು.

ಆಮೇಲೆ ಲೇಪ. ಮೈದಾ ಲಕಡಿ ಅಂತ ಒಂದು ಗಿಡವಿದೆ. ನಮ್ಮ ಕಡೆ ಎಷ್ಟು ದೊಡ್ಡ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಅದರ ತೊಗಟೆಯನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಅರಿವೆಯಲ್ಲಿ ಸೋಸಿ ಬಿಸಿನೀರು ಹಾಕಿದರೆ ಲೋಳೆ ಲೋಳೆಯಾಗುತ್ತದೆ. ಅದಕ್ಕೆ ಅಂಬೆಹಳದಿ, ಕೋಳಿಮೊಟ್ಟೆಯ ಬಿಳಿ. ಮೊಟ್ಟೆ ಹಾಕುವಾಗ ನಮ್ಮ ಅತ್ತೆ, ಲಿಂಗ ಕಟ್ಟಿದವಳು, ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದಳು. ನೋಡದಿದ್ದರೆ ಮೊಟ್ಟೆ ಅಲ್ಲ. ಲೇಪ ಹಚ್ಚಿದ ಮೇಲೆ ಬಿದಿರಿನ ಪಟ್ಟಿ ಇಟ್ಟು, ಕಮಲಾಪುರದ ಕೆಂಪು ಬಾಳೆಯ ನಾರಿನಿಂದ ಬಿಗಿಯಾಗಿ ಕಟ್ಟುವುದು. ಒಣಗಿದಂತೆ ಅದು ಕೈಯನ್ನು ತಾಯಿ ಹಿಡಿದಂತೆ ಹಿಡಿಯುತ್ತಿತ್ತು. ಅದರ ವಾಸನೆ ಹೇಗೆಂದು ಹೇಳಲಿ? ದಾಲ್ಚಿನ್ನಿಯನ್ನು ಹಸಿ ಮಣ್ಣಲ್ಲಿ ಹೂತಿಟ್ಟು ತೆಗೆದ ಹಾಗೆ. ಬೆವರಿದಾಗ ಇನ್ನೂ ಹೆಚ್ಚು. ಇಪ್ಪತ್ತೊಂದು ದಿನ ಅದನ್ನೇ ಮೂಸುತ್ತ ಮಲಗಿದ್ದೆ.

ಮೊಮ್ಮಗಳು ಕಾಲೇಜಿನಲ್ಲಿ ಗಿಡಗಳ ಪಾಠ ಓದುತ್ತಾಳೆ. ಮೊನ್ನೆ ಹೇಳುತ್ತಿದ್ದಳು: ಮೈದಾ ಲಕಡಿ, ದಾಲ್ಚಿನ್ನಿ, ಪಲಾವಿಗೆ ಹಾಕುವ ಎಲೆ, ಕರ್ಪೂರದ ಗಿಡ, ಇವೆಲ್ಲ ಒಂದೇ ಮನೆತನವಂತೆ. ಈಗ ಜಗತ್ ಸರ್ಕಲ್ ಕಡೆ ಗಾಡಿಯಲ್ಲಿ ಮಾರುತ್ತಾರಲ್ಲ, ರುಚಿಯೇ ಇಲ್ಲದ ಬೆಣ್ಣೆಹಣ್ಣು, ಅದೂ ಇವರ ಪೈಕಿಯೇ ಅಂತೆ. ಇರಬಹುದು, ಯಾವ ಮನೆತನದಲ್ಲಿ ಒಬ್ಬ ಸಪ್ಪೆ ಮನುಷ್ಯ ಹುಟ್ಟುವುದಿಲ್ಲ? ಬೇಸಿಗೆಯಲ್ಲಿ ಮಸಾಲೆ ಖಾರ ಕುಟ್ಟಿಸುವಾಗ ದಾಲ್ಚಿನ್ನಿಯ ಒಂದು ಚೂರು ಬಾಯಿಗೆ ಹಾಕಿಕೊಳ್ಳುವ ಚಟ ನನಗಿದೆ. ಅದು ನಾಲಿಗೆಯ ಮೇಲೆ ಸ್ವಲ್ಪ ಜಿಗುಟಾದಾಗ ಖಾಲಾ ನೆನಪಾಗುತ್ತಿದ್ದಳು. ಯಾಕೆಂದು ಇಷ್ಟು ದಿನ ತಿಳಿದಿರಲಿಲ್ಲ. ಮೊಮ್ಮಗಳ ಫೀಸು ದಂಡವಾಗಿಲ್ಲ.

ಆದರೆ ನಾನು ಹೇಳಬೇಕೆಂದು ಕೂತದ್ದು ಇದನ್ನಲ್ಲ. ಎರಡನೆಯ ಇಯತ್ತೆ ಓದಿದವಳು ಇಷ್ಟು ಕಷ್ಟಪಟ್ಟು ಬರೆಯುತ್ತಿರುವುದು ಆ ಗಿಡದ ವಿಷಯ.

ಕಮಲಾಪುರದಿಂದ ಮಹಾಗಾಂವಕ್ಕೆ ಹೋಗುವ ದಾರಿಯಲ್ಲಿ, ನಮ್ಮ ಹೊಲ ಸಿಗುವ ಮೊದಲು, ಒಂದು ಕಲ್ಲು ಮರಡಿ, ಸಣ್ಣ ಗುಡ್ಡ, ಇತ್ತು. ಅದರ ಓರೆಯಲ್ಲಿ ಆ ಗಿಡ. ಸುತ್ತಲೂ ಎಲ್ಲೂ ಅಂಥ ಇನ್ನೊಂದಿಲ್ಲ. ಯಾವ ಹಕ್ಕಿ ಎಲ್ಲಿಂದ ಬೀಜ ತಂದು ಹಾಕಿತ್ತೋ. ಖಾಲಾ ಅಲ್ಲಿಗೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಅಂಗೈ ಅಗಲ, ಮೊಳ ಉದ್ದ, ಅಷ್ಟೇ ತೊಗಟೆ ಎಬ್ಬಿಸುತ್ತಿದ್ದಳು. ಎಬ್ಬಿಸಿದ ಜಾಗಕ್ಕೆ ಸಗಣಿ ಮಣ್ಣು ಕಲಸಿ ಮೆತ್ತುತ್ತಿದ್ದಳು. ಅಲ್ಲಿ ಹೊಸ ತೊಗಲು ಬರುವ ತನಕ ಆ ಮಗ್ಗುಲು ಮುಟ್ಟುತ್ತಿರಲಿಲ್ಲ. ಸುತ್ತಲೂ ಮಾತ್ರ ಯಾವತ್ತೂ ತೆಗೆಯಬಾರದು, ಗಿಡದ ಕುತ್ತಿಗೆ ಕೊಯ್ದಂತೆ ಅದು, ಅಂತ ನನಗೆ ಒಂದಲ್ಲ ಹತ್ತು ಸಲ ಹೇಳಿದ್ದಳು. ಮುಂದೆ ನಾನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಅಂತ ಬರೆದರೆ ಸುಳ್ಳಾಗುತ್ತದೆ.

ಮದುವೆಯಾಗಿ ಐದಾರು ವರ್ಷವಾಗಿತ್ತು. ಮಿರಗದ, ಅಂದರೆ ಮೃಗಶಿರಾ ಮಳೆ ಶುರುವಾಗುವ ಹೊತ್ತಿಗೆ ನಮ್ಮ ಮನೆಯವರು ಬಾಳೆಗೊನೆ ಹೇರಿದ ಟೆಂಪೋದ ಮೇಲಿಂದ ಬಿದ್ದರು. ಮೊಳಕಾಲ ಕೆಳಗೆ ಎಲುಬು ಎರಡು ತುಂಡು. ಖಾಲಾ ಬಂದು ಕೂಡಿಸಿದಳು, ಲೇಪ ಕಟ್ಟಿದಳು, ನಲವತ್ತು ದಿನ ನೆಲಕ್ಕೆ ಕಾಲು ಹಚ್ಚಬಾರದು ಅಂದಳು. ವಾರಕ್ಕೊಮ್ಮೆ ಲೇಪ ಬದಲಿಸುತ್ತಿದ್ದಳು. ಎರಡು ವಾರ ಕಳೆದಿರಬೇಕು, ಹುಮನಾಬಾದದಲ್ಲಿ ಆಕೆಯ ಹಿರಿಯ ಮಗಳಿಗೆ ಹೆರಿಗೆ ಬೇನೆ ಅಂತ ಸುದ್ದಿ ಬಂದು ಖಾಲಾ ಹೋದಳು. ಒಂದು ಲೇಪಕ್ಕಾಗುವಷ್ಟು ಪುಡಿ ಕೊಟ್ಟು, ನಾನು ಬರೂ ತನಕ ಇದೇ ಸಾಕು ಅಂತ ಹೇಳಿಯೇ ಹೋದಳು.

ಬಿತ್ತುವ ಕಾಲ. ತೊಗರಿ ಬೀಜ ಮನೆಯಲ್ಲಿ ಕೂತಿತ್ತು, ಗಂಡ ಹಾಸಿಗೆಯಲ್ಲಿ ಕೂತಿದ್ದ. ನನಗೆ ತಡೆಯಲಿಲ್ಲ. ಒಂದು ಅಂಗೈ ತೊಗಟೆ ನಲವತ್ತು ದಿನಕ್ಕೆ ಕೂಡಿಸಿದರೆ ಉಡಿ ತುಂಬ ತೊಗಟೆ ಎಂಟು ದಿನಕ್ಕೆ ಕೂಡಿಸೀತು ಅಂತ ನನ್ನ ಗಣಿತ. ಕುಡಗೋಲು ತೆಗೆದುಕೊಂಡು ಮರಡಿಗೆ ಹೋದೆ. ಮಳೆಗೆ ನೆನೆದ ತೊಗಟೆ ಕುದಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಬಂತು. ಎಳೆದಂತೆ ಬಂತು. ಕೈಗೆಲ್ಲ ಲೋಳೆ, ಮೂಗು ತುಂಬ ವಾಸನೆ. ನಿಮಗೆ ಖರೆ ಹೇಳಬೇಕೆಂದರೆ ಸುಖವೆನಿಸಿತು. ಒಂದು ಮಗ್ಗುಲು ಮುಗಿಯಿತು, ಇನ್ನೊಂದು ಮುಗಿಯಿತು, ಸುತ್ತಲೂ ಬೆಳ್ಳಗಾದ ಮೇಲೆಯೇ ನನಗೆ ಎಚ್ಚರವಾದದ್ದು. ಸಗಣಿ ಮೆತ್ತಲಿಲ್ಲ. ಯಾರಾದರೂ ನೋಡಿಯಾರೆಂದು ಓಡಿ ಬಂದೆ.

ಒಣಗಿಸದೆ ಹಸಿ ತೊಗಟೆಯನ್ನೇ ಕುಟ್ಟಿ ಬೆರಳು ದಪ್ಪ ಲೇಪ ಹಚ್ಚಿದೆ. ಅದು ಒಣಗಿ ಕಾಲನ್ನು ಗಾಣದಂತೆ ಹಿಂಡಿತು. ಬೆರಳುಗಳು ಬದನೆಕಾಯಿಯಾದವು. ಮನೆಯವರು ಎರಡು ದಿನ ಹಲ್ಲು ಕಚ್ಚಿ, ಮೂರನೆಯ ದಿನ ನನ್ನನ್ನೂ ನನ್ನ ತವರನ್ನೂ ಬೈಯಲು ಶುರು ಮಾಡಿದರು. ಅದೃಷ್ಟಕ್ಕೆ ಅವತ್ತೇ ಖಾಲಾ ಬಂದಳು. ಬಂದವಳು ಕೈಚೀಲ ಕೂಡ ಇಳಿಸದೆ ಲೇಪ ಒಡೆಯುತ್ತ ಕೂತಳು. ಬಾಯಿ ನಿಲ್ಲಲೇ ಇಲ್ಲ.

"ನಿನ್ನ ಅಕಲ್ ಎಲ್ಲಿ ಮೇಯಾಕ ಹೋಗ್ಯಾದ ಛೋರಿ? ಕಾಲಿಗಿ ಲೇಪ ಹಚ್ಚೀಯೋ, ಮಾಳಗಿಗಿ ಮಣ್ಣು ಹಾಕೀಯೋ? ಇನ್ನೆರಡು ದಿನ ಬಿಟ್ಟಿದ್ರ ಇವನ ಕಾಲು ನಿಮ್ಮ ಮನಿ ಜಂತಿ ಆಗ್ತಿತ್ತು. ಹೋಗು, ನೀರು ಕಾಸು, ದಿವಾನೀ."

ಹುಡುಗಿ, ಹುಚ್ಚಿ ಅಂತ ಬೈಸಿಕೊಳ್ಳುತ್ತ ನೀರು ಕಾಸಿದೆ. ಆ ಬೈಗುಳ ಹೇಗಿತ್ತು ಗೊತ್ತೇ, ಸುಡುವ ನೀರಿನಲ್ಲಿ ತಲೆ ತೊಳೆದ ಹಾಗೆ. ಹಾಕುವಾಗ ಉರಿ, ಆಮೇಲೆ ಹಗುರ. ಅಷ್ಟರಲ್ಲಿ ಆಕೆಯ ಕಣ್ಣು ಮೂಲೆಯಲ್ಲಿದ್ದ ಬಿದಿರಿನ ಪುಟ್ಟಿಯ ಮೇಲೆ ಬಿತ್ತು. ಅರ್ಧ ಪುಟ್ಟಿ ತೊಗಟೆ ಉಳಿದಿತ್ತು. ಇಷ್ಟು ಎಲ್ಲಿಂದ ಬಂತು ಅಂತ ಕೇಳಿದಳು. ಮೈದುನ ಗುಲಬರ್ಗಾದ ಬಜಾರದಿಂದ ತಂದಾನ ಅಂದೆ. ಒಂದು ಚೂರು ಎತ್ತಿ ಹಲ್ಲಲ್ಲಿ ಕಚ್ಚಿ ನೋಡಿ ಉಗುಳಿದಳು. ಮತ್ತೆ ಲೇಪ ಒಡೆಯುತ್ತ ಕೂತಳು. ನಂಬಿದಳು ಅಂದುಕೊಂಡೆ.

ಮನೆಯವರ ಕಾಲು ಕೂಡಿತು. ಮುಂದೆ ಮೂವತ್ತು ವರ್ಷ ಅದೇ ಕಾಲಿನ ಮೇಲೆ ನೆಟ್ಟಗೆ ನಡೆದರು. ಗಿಡದ ಕಡೆ ಮಾತ್ರ ನಾನು ಹೋಗಲಿಲ್ಲ. ಹೊಲಕ್ಕೆ ಹೋಗುವಾಗ ಸುತ್ತು ಹಾದಿ ಹಿಡಿಯುತ್ತಿದ್ದೆ. ಯಾಕೆಂದು ಅತ್ತೆ ಕೇಳಿದರೆ ಹಾದಿಯಲ್ಲಿ ಹಾವು ಕಂಡಿದೆ ಅಂದೆ.

ಎಳ್ಳಮಾಸಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಆ ದಿನ ನಮ್ಮ ಕಡೆ ಮನೆ ಮಂದಿಯೆಲ್ಲ ಸಜ್ಜೆ ರೊಟ್ಟಿ, ಕಾಳು ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುತ್ತೇವೆ. ಖಾಲಾ ಪ್ರತಿ ವರ್ಷ ನಮ್ಮ ಜೊತೆ ಬರುವವಳು. ಗಂಡಸರು ಬಂಡಿಯಲ್ಲಿ ಮುಂದೆ ಹೋಗಿದ್ದರು. ನಾನು ಬುಟ್ಟಿ ಹೊತ್ತು ಆಕೆಯ ಹಿಂದೆ. ಖಾಲಾ ನೇರ ಮರಡಿಯ ಹಾದಿ ಹಿಡಿದಳು. ಗಿಡ ನಿಂತಿತ್ತು, ಎಲೆ ಒಂದೂ ಇರಲಿಲ್ಲ. ಕಾಲ ಕೆಳಗೆ ಒಣಗಿದ ಎಲೆ ಚರಚರ ಅನ್ನುತ್ತಿತ್ತು. ಅದನ್ನು ತುಳಿದರೂ ಆ ವಾಸನೆಯೇ. ಖಾಲಾ ಬೊಡ್ಡೆಯ ಮೇಲೆ ಕೈಯಿಟ್ಟು, ಎಲುಬು ನೋಡುವ ಹಾಗೆ ಕಣ್ಣು ಮುಚ್ಚಿಕೊಂಡು, ಒಂದು ಸುತ್ತು ಬಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಯಾರು ಮಾಡ್ಯಾರ ಛೋರಿ ಇದು?"

"ಯಾರಿಗಿ ಗೊತ್ತು ಖಾಲಾ," ಅಂದೆ. "ಕುರಿ ಕಾಯೋರು ಇರಬೇಕು."

ಆಕೆ ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ಬುಟ್ಟಿ ತಲೆಯಿಂದ ತಲೆಗೆ ಬದಲಿಸುವಷ್ಟು ಹೊತ್ತು. ಆಮೇಲೆ ಹೌದೇನೋ ಅಂತ ತಲೆ ಆಡಿಸಿ ಮುಂದೆ ನಡೆದಳು. ಹೊಲದಲ್ಲಿ ಊಟಕ್ಕೆ ಕೂತಾಗ ನಾನು ಭಜ್ಜಿ ಬಡಿಸಲು ಬಗ್ಗಿದೆ. "ಸಾಕ್ರಿ," ಅಂದಳು.

ಬಾವಿಯ ಮೆಟ್ಟಿಲಿನಿಂದ ಆ ದಿನದ ತನಕ ಆಕೆ ನನ್ನನ್ನು ಛೋರಿ ಅಂದಿದ್ದಳು, ದಿವಾನೀ ಅಂದಿದ್ದಳು, ಕತ್ತೆ ಅಂದಿದ್ದಳು. ರೀ ಅಂದಿರಲಿಲ್ಲ. ಅಲ್ಲಿಂದ ಮುಂದೆ ಆಕೆಯ ಬಾಗಿಲಿಗೆ ಹೋದರೆ ಬರ್ರಿ, ಕೂಡ್ರಿ, ಚಹಾ ತಗೋರಿ. ಮರ್ಯಾದೆಗೆ ಏನೂ ಕೊರತೆ ಇಲ್ಲ. ಪಕ್ಕದ ಮನೆಯವಳು ಹಾಲು ಚೆಲ್ಲಿದರೆ ಬೈಯುತ್ತಿದ್ದಳು, ಆಡಿಗೆ ಬೈಯುತ್ತಿದ್ದಳು, ತಡವಾಗಿ ಬಂದ ಬಸ್ಸಿಗೆ ಬೈಯುತ್ತಿದ್ದಳು. ನಾನು ಬಂದೊಡನೆ ನಾಲಿಗೆ ಮಡಿಚಿಡುತ್ತಿದ್ದಳು.

ಆ ಗಿಡದ ಜೊತೆ ಆಕೆಯ ಕೆಲಸವೂ ಹೋಯಿತು. ಒಂದೆರಡು ಸಲ ಗುಲಬರ್ಗಾದ ಬಜಾರದಿಂದ ತೊಗಟೆ ತರಿಸಿ ನೋಡಿದಳು. ಗೋದಾಮಿನಲ್ಲಿ ಎಷ್ಟು ವರ್ಷ ಬಿದ್ದಿತ್ತೋ, ನೀರು ಹಾಕಿದರೆ ಮರಳಿನಂತೆ ತಳಕ್ಕೆ ಕೂರುತ್ತಿತ್ತು. ಕೈ ನಡುಗುತ್ತದೆ, ಇನ್ನು ಆಗದು ಅಂತ ಬಂದವರನ್ನು ಬಸ್ ಹತ್ತಿಸಿ ಆಸ್ಪತ್ರೆಗೆ ಕಳಿಸತೊಡಗಿದಳು. ವಯಸ್ಸಾಯಿತು ಅಂತ ಊರು ಅಂದಿತು. ಆ ಕೈ ಚಹಾದ ಬಸಿ ಹಿಡಿದಾಗ ಒಂದು ಹನಿ ಚೆಲ್ಲುತ್ತಿರಲಿಲ್ಲ. ನಾನು ನೋಡಿದ್ದೇನೆ.

ಹೇಳಿಬಿಡಬೇಕೆಂದು ಎಷ್ಟು ಸಲ ಹೋದೆನೋ. ಹೋದಾಗೆಲ್ಲ ಆಕೆ ಮೊದಲು ಬೈಯಲಿ ಅಂತ ಕಾಯುತ್ತಿದ್ದೆ. ಬೈದರೆ ಅಳಬಹುದು, ಜಗಳವಾಡಬಹುದು, ಕಾಲಿಗೆ ಬೀಳಬಹುದು. ಚಹಾ ಕೊಟ್ಟರೆ ಏನು ಮಾಡುವುದು? ಕುಡಿದು ಬರುತ್ತಿದ್ದೆ. ನಮ್ಮ ಮನೆಯವರಿಗೆ ಎಲ್ಲ ಗೊತ್ತಿತ್ತು, ತೊಗಟೆಯ ಪುಟ್ಟಿ ಮನೆಗೆ ಬಂದಾಗ ಕಂಡವರಲ್ಲವೇ. ಒಂದು ಸಲ ಹೇಳಿಬಿಡು ಅಂದರು. ನಿಮ್ಮ ಕಾಲಿಗಾಗಿಯೇ ಮಾಡಿದ್ದು ಅಂತ ಅವರ ಮೇಲೆಯೇ ಹರಿಹಾಯ್ದೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ. ಮುಂದೆ ಮಗನ ನೌಕರಿಗಾಗಿ ನಾವು ಕಲಬುರಗಿಗೆ ಬಂದೆವು. ಖಾಲಾ ತೀರಿಕೊಂಡಾಗ ಹೋಗಿದ್ದೆ. ಹೆಂಗಸರ ನಡುವೆ ಕೂತು ಆ ಮುಚ್ಚಿದ ಕಣ್ಣು ನೋಡಿದೆ. ಈಗ ನನ್ನನ್ನು ಬೈಯುವವರು ಯಾರೂ ಉಳಿಯಲಿಲ್ಲ ಅನ್ನಿಸಿತು. ಅಳು ಬರಲಿಲ್ಲ, ಹೊಟ್ಟೆ ಹಸಿದಂತಾಯಿತು. ನಾನು ಅಂಥವಳೇ.

ಮೊನ್ನೆ ಶನಿವಾರ ಶಹನಾಜ್ ಬಂದಿದ್ದಳು. ಖಾಲಾನ ಚಿಕ್ಕ ಮಗಳು. ಆ ಕಾಲದಲ್ಲಿ ಹತ್ತು ವರ್ಷದ ಹುಡುಗಿ, ಈಗ ಅವಳಿಗೂ ಮೊಮ್ಮಕ್ಕಳು. ಇಲ್ಲೇ ಕಲಬುರಗಿಯಲ್ಲಿ ಮಗನ ಮನೆಯಲ್ಲಿರುತ್ತಾಳೆ. ನನ್ನ ಕೈ ಮುರಿದದ್ದು ಹೇಗೋ ಕೇಳಿ ತಿಳಿದು ಆಟೋ ಮಾಡಿಕೊಂಡು ಬಂದಿದ್ದಳು. ಪ್ಲಾಸ್ಟರನ್ನು ಬೆರಳಿನಿಂದ ಬಡಿದು ನೋಡಿ, ಅಮ್ಮಾ ಇದ್ದರೆ ಇದನ್ನು ಕಂಡು ನಗುತ್ತಿದ್ದಳು ಅಂದಳು. ಆ ಮಾತಿಗೆ ನನ್ನ ಬಾಯಿಯ ಕೀಲಿ ಕಳಚಿ ಬಿತ್ತು. ಸೊಸೆ ಚಹಾ ತರಲು ಒಳಗೆ ಹೋಗಿದ್ದಳು.

"ಶಹನಾಜ್," ಅಂದೆ, "ಮರಡಿ ಮ್ಯಾಲಿನ ಗಿಡ ಕೊಂದಾಕಿ ನಾನೇ."

"ಗೊತ್ತದ ಅಕ್ಕಾ," ಅಂದಳು. ಹೊರಗೆ ಬಿಸಿಲಿದೆ ಅನ್ನುವ ದನಿಯಲ್ಲಿ ಅಂದಳು.

ನನಗೆ ಸಿಟ್ಟೇ ಬಂತು. ನಲವತ್ತು ವರ್ಷ ಹೊತ್ತ ಹೊರೆಯನ್ನು ಇಳಿಸಿದರೆ ಎದುರಿಗಿನವರು ಒಂದಿಷ್ಟು ಹೌಹಾರಬೇಕಲ್ಲ. ಯಾವಾಗಿನಿಂದ ಗೊತ್ತು ಅಂತ ಕೇಳಿದೆ. ಅವಳು ಹೇಳಿದ್ದು ಇದು. ಖಾಲಾ ನಮ್ಮ ಮನೆಯಲ್ಲಿ ಆ ಚೂರು ಕಚ್ಚಿದಾಗಲೇ ಅದು ಬಜಾರದ್ದಲ್ಲ, ಹಸಿ ತೊಗಟೆ ಅಂತ ತಿಳಿಯಿತಂತೆ. ಮರುದಿನ ಬೆಳಿಗ್ಗೆ ಶಹನಾಜಳ ತಲೆಯ ಮೇಲೆ ಸಗಣಿಯ ಬುಟ್ಟಿ ಹೊರಿಸಿಕೊಂಡು ಮರಡಿಗೆ ಹೋದಳಂತೆ. ಬೊಡ್ಡೆಗೆ ಸುತ್ತಲೂ ಮೆತ್ತಿ, ಗೋಣಿತಟ್ಟು ಸುತ್ತಿ, ಬಾಳೆಯ ನಾರಿನಿಂದ ಕಟ್ಟಿ ಬಂದಳಂತೆ. ಮಳೆಗೆ ತೊಳೆದುಹೋಗುತ್ತಿತ್ತು, ಮತ್ತೆ ಹೋಗಿ ಮೆತ್ತುತ್ತಿದ್ದಳು. ದಸರೆಗೆ ಎಲೆ ಹಳದಿಯಾಗಿ ಉದುರಿದ ಮೇಲೆ ಗೋಣಿತಟ್ಟು ಬಿಚ್ಚಿ ತಂದಳಂತೆ.

"ಮತ್ತ ಎಳ್ಳಮಾಸಿ ದಿನ ಯಾರು ಮಾಡ್ಯಾರ ಅಂತ ಯಾಕ ಕೇಳಿದ್ಳು?"

"ಗೊತ್ತಿಲ್ಲಂತ ಕೇಳಿಲ್ಲ ಅಕ್ಕಾ. ನೀವು ಹೇಳ್ತೀರಂತ ಕೇಳ್ಯಾಳ." ಶಹನಾಜ್ ಸೆರಗಿನ ಅಂಚು ಸರಿ ಮಾಡಿಕೊಂಡಳು. "ಅವತ್ತ ಅಮ್ಮಾ ಮನಿಗಿ ಬಂದ ಮ್ಯಾಲ ನಾನೇ ಅಂದೆ, ಅಮ್ಮಾ, ಅಕಿಗಿ ಚಂದಾಗಿ ಬೈದು ಬಾ ಅಂತ. ಅಮ್ಮಾ ಏನಂದ್ಳು ಗೊತ್ತದೇನು? ತಾನಾಗಿ ಬಂದು ಹೇಳಿದ ಮ್ಯಾಲ ಬೈದ್ರ ಅದು ಮನಿ ಮಾತು ಆಗ್ತದ. ಹಿಡದು ಬೈದ್ರ ಜಗಳ ಆಗ್ತದ. ಅಕಿ ಬರ್ತಾಳ, ಬರಲಿ, ಅಂದ್ಳು. ಓಣ್ಯಾಗ ನಿಮ್ಮ ದನಿ ಕೇಳಿದಾಗೆಲ್ಲ, ಇವತ್ತ ಹೇಳ್ತಾಳ ನೋಡು, ಅಂತಿದ್ಳು. ಚಹಾಕ್ಕ ಇಟ್ಟು ಕೂಡ್ತಿದ್ಳು."

ಆ ಚಹಾ ಎಷ್ಟು ಬಸಿ ಕುಡಿದೆನೋ ನನಗೇ ಗೊತ್ತಿಲ್ಲ. ಈ ಕಡೆ ನಾನು ಬೈಗುಳಕ್ಕೆ ಕಾಯುತ್ತ ಕೂತಿದ್ದೆ, ಆ ಕಡೆ ಆಕೆ ಮಾತಿಗೆ ಕಾಯುತ್ತ ಕೂತಿದ್ದಳು. ನಡುವೆ ಒಂದು ಒಲೆ. ಇಬ್ಬರೂ ಹಟಮಾರಿಗಳು, ಆದರೆ ತಪ್ಪು ಒಬ್ಬಳದು.

ಶಹನಾಜ್ ಚಹಾ ಕುಡಿದು ಎದ್ದಳು. ಬಾಗಿಲ ತನಕ ಹೋಗಿ ಕೇಳಿದೆ, ನಾನು ಹೇಳಿದ್ದರೆ ಅಮ್ಮಾ ಏನಂತ ಬೈಯುತ್ತಿದ್ದಳು, ಒಂದು ಸಲ ಬೈದು ಹೋಗು ಅಂತ. ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ನಿಜವಾಗಿಯೂ ಯೋಚನೆ ಮಾಡಿದಳು.

"ಅಮ್ಮಾನ ಬೈಗುಳ ನನಗ ಬರಂಗಿಲ್ಲ ಅಕ್ಕಾ," ಅಂದಳು. "ಅದು ಅಕಿಗೇ ಬರ್ತಿತ್ತು."

ಆಟೋ ಹೋಯಿತು. ನಾನು ಪಡಸಾಲೆಯಲ್ಲಿ ಕೂತು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಒಂದೊಂದಾಗಿ ಹೊಂದಿಸಿ ನೋಡಿದೆ. ಬೈಯುವುದರಲ್ಲಿ ನಾನೇನು ಕಡಿಮೆಯವಳಲ್ಲ, ಈ ಕಾಲೋನಿಯ ಹಾಲಿನವನನ್ನು ಕೇಳಿ. ಒಂದೂ ತಾಗಲಿಲ್ಲ. ಕೊನೆಗೆ ಹೇಳಬೇಕಾದದ್ದನ್ನೇ ಹೇಳಿದೆ, ಎದುರಿಗೆ ಕೂತವರಿಗೆ ಹೇಳುವ ಹಾಗೆ, ದನಿ ತೆಗೆದು: ಕುರಿ ಕಾಯೋರು ಅಲ್ಲ ಖಾಲಾ, ನಾನೇ, ಕುಡಗೋಲು ತಗೊಂಡು ಹೋಗಿ ಸುತ್ತಲೂ ತೆಗದೀನಿ, ನೀ ಹೇಳಿದ್ದು ನೆನಪಿತ್ತು, ಆದರೂ ತೆಗದೀನಿ. ಹೇಳಿ ಮುಗಿಸಿ ಸ್ವಲ್ಪ ಹೊತ್ತು ಕಾದೆ. ಮೇಲೆ ಫ್ಯಾನು ತಿರುಗುತ್ತಿತ್ತು.

ಒಳಗಿನಿಂದ ಸೊಸೆ, ಯಾರ ಜೊತಿ ಮಾತಾಡಾಕತ್ತೀರಿ ಅತ್ತಿ, ಅಂತ ಕೇಳಿದಳು. ಯಾರ ಜೊತಿಗೂ ಇಲ್ಲವ್ವ ಅಂದೆ. ಅಂದ ಮೇಲೆ ಒಂದು ಕ್ಷಣ ಕೂಡ ಕೂರಲಾಗಲಿಲ್ಲ. ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ, "ಈಗ ಸುಳ್ಳು ಹೇಳ್ದೆ ನಿನಗ, ಖಾಲಾನ ಜೊತಿ ಮಾತಾಡಾಕತ್ತಿದ್ದೆ," ಅಂದೆ.